ಲೋಟದ ಮೇಲಿನ ಕೈ

ಗಿರಣಿಯ ಬೆಲ್ಟು ಮೊದಲು ಒಮ್ಮೆ ಚಟ್ ಎಂದು ಬಡಿಯುತ್ತದೆ. ಆಮೇಲೆ ಗಾಲಿಗೆ ಕಚ್ಚಿಕೊಂಡು ಒಂದೇ ಸಮನೆ ಗೊಣಗತೊಡಗುತ್ತದೆ. ಗಿರಿನಗರದಲ್ಲಿ, ಸೀತಾ ಸರ್ಕಲ್ಲಿನಿಂದ ಎರಡು ತಿರುವು ಒಳಗಿರುವ ಆ ಬೀದಿಯವರಿಗೆ ಒಂಬತ್ತು ಗಂಟೆಯಾದದ್ದು ತಿಳಿಯಲು ಅಷ್ಟು ಸಾಕು. ಹಿಟ್ಟಿನ ಗಿರಣಿಯ ಮೇಲಿನ ಮನೆಯಲ್ಲಿ ಸಿದ್ದಗಂಗಮ್ಮ ಅಡುಗೆಮನೆಯ ಕಿಟಕಿ ಮುಚ್ಚುತ್ತಾರೆ. ಅವರ ಗಂಡ ಸೋಮಲಿಂಗಪ್ಪ ಅದುವರೆಗೆ ನುಡಿಸುತ್ತಿದ್ದ ದಿಲ್‌ರುಬಾವನ್ನು ಗೋಡೆಗೆ ಒರಗಿಸಿ, ಮೇಲೆ ಹಳೆಯ ಪಂಚೆ ಹೊದಿಸುತ್ತಾರೆ. ಮಧ್ಯಾಹ್ನ ಒಂದಕ್ಕೆ ಗಿರಣಿ ನಿಲ್ಲುತ್ತದೆ, ನಾಲ್ಕಕ್ಕೆ ಮತ್ತೆ ಶುರು. ನಡುವಿನ ಮೂರು ಗಂಟೆ ವಾದ್ಯದ್ದು. ಈ ಮನೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಗಿರಣಿಯವರ ಜೊತೆ ಅವರು ಒಮ್ಮೆಯೂ ಜಗಳವಾಡಿಲ್ಲ.

ದಿಲ್‌ರುಬಾ ಎಂದರೆ ಈಗ ಅನೇಕರಿಗೆ ಗೊತ್ತಾಗುವುದಿಲ್ಲ. ಪಿಟೀಲಿನ ಹಾಗೆ ಕಮಾನು, ಸಿತಾರಿನ ಹಾಗೆ ಮೆಟ್ಟುಗಳು, ಪಕ್ಕದಲ್ಲಿ ತಾವಾಗಿಯೇ ಮಿಡಿಯುವ ಸಣ್ಣ ತಂತಿಗಳ ಒಂದು ಸಾಲು. ಹೆಸರು ಗೊತ್ತಿಲ್ಲದವರೂ ಅದರ ದನಿಯನ್ನು ಕೇಳಿರುತ್ತಾರೆ. ಹಳೆಯ ಸಿನಿಮಾಗಳಲ್ಲಿ ಯಾರೋ ಬಾಗಿಲವರೆಗೆ ಬಂದು ಒಳಗೆ ಬಾರದೆ ಹಿಂತಿರುಗುವಾಗ, ಕಾಗದ ಓದಿ ಮಡಿಸಿಡುವಾಗ, ಮಾತಿಲ್ಲದ ಆ ಹೊತ್ತಿನ ತುಂಬ ಇರುತ್ತಿದ್ದದ್ದು ಬಹಳ ಸಲ ಅದೇ. ಚಿತ್ರವೆಲ್ಲ ಮುಗಿದ ಮೇಲೆ ಪರದೆಯ ಮೇಲೆ ದೃಶ್ಯ ಓಡಿಸಿಕೊಂಡು, ಆ ದೃಶ್ಯಕ್ಕೆಂದೇ ಹಿನ್ನೆಲೆ ಸಂಗೀತ ಕೂಡಿಸಿ ನುಡಿಸುವ ಕೆಲಸಕ್ಕೆ ರೀರೆಕಾರ್ಡಿಂಗ್ ಎನ್ನುತ್ತಾರೆ. ಸೋಮಲಿಂಗಪ್ಪ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕೆಲಸ ಮಾಡಿದರು. ಅವರಿಗೆ ನಾಲ್ಕನೆಯ ವಯಸ್ಸಿನಲ್ಲಿ, ಒಂದು ಜ್ವರದಲ್ಲಿ, ಕಣ್ಣು ಹೋಗಿತ್ತು.

ಹಾಗಾದರೆ ಪರದೆಯನ್ನು ಯಾರು ನೋಡುತ್ತಿದ್ದರು ಎಂದರೆ, ಸಿದ್ದಗಂಗಮ್ಮ.

ಅವರು ಗುಬ್ಬಿಯ ಕಡೆಯವರು. ಮದುವೆಗೆ ಮುಂಚೆ ನೋಡಿದ್ದು ಟೆಂಟಿನಲ್ಲಿ ಮೂರೋ ನಾಲ್ಕೋ ಸಿನಿಮಾ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಗಂಡನನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಬಿಟ್ಟು ಬರುವುದಷ್ಟೇ ತಮ್ಮ ಪಾಲಿನದು ಎಂದುಕೊಂಡಿದ್ದರು. ಅಲ್ಲಿಯವರೆಗೆ ಸಹಾಯಕನೊಬ್ಬ ಸೋಮಲಿಂಗಪ್ಪನವರ ಕಿವಿಯಲ್ಲಿ ದುಃಖ ಸಾರ್ ಎಂದೋ, ಭಯ ಸಾರ್ ಎಂದೋ ಹೇಳಿ ಹೋಗುತ್ತಿದ್ದ. ಆ ದಿನ ಅವನು ಬಂದಿರಲಿಲ್ಲ. ಪಕ್ಕದಲ್ಲೇ ಕೂತು ನೀನೇ ಹೇಳು ಎಂದು ಗಂಡ ಹೇಳಿದರು. ಪರದೆಯ ಮೇಲೆ ಒಬ್ಬ ಹೆಂಗಸು ಬಾವಿಕಟ್ಟೆಯ ಬಳಿ ನಿಂತು ಅಳುತ್ತಿದ್ದಳು. ಬಹಳ ಅಳುತ್ತಿದ್ದಾಳೆ ಎಂದು ಸಿದ್ದಗಂಗಮ್ಮ ಹೇಳಿದರು. ಸೋಮಲಿಂಗಪ್ಪ ಬಹಳ ಅಳುವ ಹಾಗೆ ನುಡಿಸಿದರು. ಗಾಜಿನ ಕೋಣೆಯ ಬಾಗಿಲು ತೆರೆದು ಸಂಗೀತ ನಿರ್ದೇಶಕ ಶಿವರಾಮ್ ಹೊರಗೆ ಬಂದರು. ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು ಇತ್ತು.

"ಏನಮ್ಮ ಹೇಳ್ದೆ ಇವನಿಗೆ?"

"ಅಳ್ತಾಳೆ ಅಂದೆ ಸಾರ್."

"ಅವಳು ಅಳೋದು ಜನಕ್ಕೆ ಕಾಣುತ್ತೆ. ಅದಕ್ಕೆ ಸೋಮಲಿಂಗು ಯಾಕೆ ಬೇಕು? ಕೈ ಏನ್ ಮಾಡ್ತಿತ್ತು ಅವಳದು?"

ಸಿದ್ದಗಂಗಮ್ಮ ನೋಡಿದ್ದರು. ಹಗ್ಗದ ಒಂದು ಎಳೆ ಬಿಚ್ಚಿಕೊಂಡಿತ್ತು, ಅದನ್ನು ಮತ್ತೆ ಹಗ್ಗಕ್ಕೆ ಸುತ್ತುತ್ತಿದ್ದಳು ಎಂದರು.

"ಅದನ್ನ ಹೇಳು," ಎಂದು ಶಿವರಾಮ್ ಬಾಳೆಹಣ್ಣಿನೊಡನೆ ಒಳಗೆ ಹೋದರು.

ಅಲ್ಲಿಂದ ಅವರ ಕೆಲಸ ಶುರುವಾಯಿತು. ನುಡಿಸುವ ಮುಂಚೆ ದೃಶ್ಯವನ್ನು ಎರಡು ಸಲ ನೋಡಿ ಮೂರು ಸಲ ಹೇಳುವರು. ಅದರಲ್ಲಿ ಮುಖ ಇರುತ್ತಿರಲಿಲ್ಲ, ಸುಖದುಃಖ ಇರುತ್ತಿರಲಿಲ್ಲ. ಕೈ ಏನು ಮಾಡಿತು, ಎಷ್ಟು ಹೊತ್ತು ಮಾಡಿತು, ಎಲ್ಲಿ ನಿಂತಿತು. ಮೈಕು ತೆರೆದ ಮೇಲೆ ಮಾತಾಡುವಂತಿಲ್ಲವಾದ್ದರಿಂದ ಗಂಡನ ಹಿಂದೆ ಕೂತು ಬೆನ್ನ ಮೇಲೆ ಕೈಯಿಡುತ್ತಿದ್ದರು. ಒಂದು ಬೆರಳು ಒತ್ತಿದರೆ ಏನೋ ಆಯಿತು. ಎರಡು ಬೆರಳು ಕೆಳಗೆ ಎಳೆದರೆ ಯಾರೋ ಹೋದರು. ಅಂಗೈ ಪೂರ್ತಿ ಇಟ್ಟರೆ ಏನೂ ಆಗುತ್ತಿಲ್ಲ, ಆದರೆ ಮುಗಿದಿಲ್ಲ. ಕೈ ತೆಗೆದರೆ ಮುಗಿಯಿತು. ಬರುಬರುತ್ತ ಬೇರೆ ವಾದ್ಯದವರೂ ಈ ಬೆನ್ನನ್ನು ನೋಡಿಕೊಂಡು ನುಡಿಸತೊಡಗಿದರು. ಒಮ್ಮೆ ಅವರಿಗೆ ನೆಗಡಿಯಾಗಿ ಬರಲಾಗದೆ ಹೋದಾಗ ಇಡೀ ಹದಿನೆಂಟು ಮಂದಿಯ ಕಾಲ್‌ಶೀಟನ್ನು ಮಾರನೆಯ ದಿನಕ್ಕೆ ಹಾಕಿದ್ದರಂತೆ.

ಇನ್ನೂರಕ್ಕೂ ಹೆಚ್ಚು ಸಿನಿಮಾಗಳನ್ನು ಸಿದ್ದಗಂಗಮ್ಮ ಹಾಗೆ ನೋಡಿದ್ದಾರೆ. ತುಂಡು ತುಂಡಾಗಿ, ಮಾತಿಲ್ಲದೆ, ಹಿಂದುಮುಂದಾಗಿ. ಅವುಗಳಲ್ಲಿ ಎಷ್ಟರ ಕತೆ ಏನಾಯಿತೋ ಅವರಿಗೆ ಗೊತ್ತಿಲ್ಲ. ಗಿರಣಿಯಲ್ಲಿ ರಾಗಿ ಬೀಸಿಸಲು ಬಂದ ಹೆಂಗಸರು ಆ ಹೀರೋ ಹೇಗಿದ್ದ, ಈ ಹೀರೋಯಿನ್ ಹೇಗಿದ್ದಳು ಎಂದು ಕೇಳಿದರೆ, ಅವನ ಹೆಬ್ಬೆರಳು ಗಿಡ್ಡ, ಅವಳು ಲೋಟ ಹಿಡಿಯುವಾಗ ಕಿರುಬೆರಳು ಎತ್ತುತ್ತಿದ್ದಳು ಎಂದು ಉತ್ತರ ಬರುತ್ತಿತ್ತು. ಅವರು ಸುಳ್ಳು ಹೇಳುತ್ತಿದ್ದಾರೆ, ಯಾವ ಸ್ಟುಡಿಯೋಗೂ ಹೋಗಿಲ್ಲ ಎಂದು ಬೀದಿಯಲ್ಲಿ ಕೆಲವರು ತೀರ್ಮಾನಿಸಿದ್ದೂ ಉಂಟು.

ಕೆಲಸ ಕಡಿಮೆಯಾದದ್ದು ನಿಧಾನವಾಗಿ. ಎಂಟು ಪಿಟೀಲಿದ್ದ ಕಡೆ ನಾಲ್ಕು ಬಂದವು, ನಾಲ್ಕಿದ್ದ ಕಡೆ ಕೀಬೋರ್ಡು ಬಂತು. ದಿಲ್‌ರುಬಾದ ದನಿ ಕೀಬೋರ್ಡಿಗೆ ಸುಲಭವಾಗಿ ಒಲಿಯಲಿಲ್ಲ, ಹೀಗಾಗಿ ಸೋಮಲಿಂಗಪ್ಪನವರಿಗೆ ಇನ್ನೂ ಕೆಲವು ವರ್ಷ ಕರೆ ಬರುತ್ತಿತ್ತು. ಆಗಲೂ ಯಾರೋ ಒಬ್ಬರು ದೃಶ್ಯದ ಮುಂದೆ ಕೂತು ಇದಕ್ಕೆ ಏನು ಬೇಕು ಎಂದು ಯೋಚಿಸುತ್ತಿದ್ದರು. ಆಮೇಲೆ ಆ ಯೋಚನೆಯೂ ಬೇಡವಾಯಿತು. ಜನರ ಫೋನಿನಲ್ಲಿ ಆಗಲೇ ಓಡಾಡುತ್ತಿರುವ ಪಾಪ್ ಹಾಡೊಂದನ್ನು ಕೊಂಡು ತಂದು ದೃಶ್ಯದ ಮೇಲೆ ಹಾಸಿದರೆ ಆಯಿತು. ಮಳೆಗೆ ಒಂದು, ಊರು ಬಿಡುವುದಕ್ಕೆ ಒಂದು, ಸಾವಿಗೆ ಅದನ್ನೇ ಸ್ವಲ್ಪ ನಿಧಾನವಾಗಿ. ಗೊತ್ತಿರುವ ಹಾಡು ಕೇಳಿದರೆ ಗೊತ್ತಿಲ್ಲದ ಸಿನಿಮಾವೂ ನಮ್ಮದು ಅನ್ನಿಸುತ್ತದೆ ಎಂದು ನಿರ್ದೇಶಕರೊಬ್ಬರು ಸೋಮಲಿಂಗಪ್ಪನವರಿಗೆ ಬಹಳ ಮರ್ಯಾದೆಯಿಂದ ವಿವರಿಸಿದ್ದರು. ಅವರು ಕೊನೆಯ ಸಲ ಸ್ಟುಡಿಯೋಗೆ ಹೋದದ್ದು ಆರು ವರ್ಷದ ಹಿಂದೆ.

ಸೋಮಲಿಂಗಪ್ಪನವರಿಗೆ ಮೂವರು ಶಿಷ್ಯರಿದ್ದಾರೆ, ಮಧ್ಯಾಹ್ನದ ಸಾಧನೆಯಿದೆ. ಸಿದ್ದಗಂಗಮ್ಮನವರಿಗೆ ಹಾಗೆ ಏನೂ ಉಳಿಯಲಿಲ್ಲ. ಆರು ವರ್ಷದಿಂದ ಅವರ ಕೈ ಗಂಡನಿಗೆ ಮೆಟ್ಟಿಲು, ಮೋರಿ, ನಾಯಿ, ಇಷ್ಟನ್ನೇ ಹೇಳುತ್ತಿತ್ತು. ಇದನ್ನು ಅವರು ಯಾರಲ್ಲೂ ಹೇಳಿಕೊಂಡಿರಲಿಲ್ಲ.

ಪ್ರಕೃತಿ ಬಂದದ್ದು ಜನವರಿಯ ಒಂದು ಮಂಗಳವಾರ. ಇಪ್ಪತ್ತೊಂಬತ್ತು ವರ್ಷದ ಹುಡುಗಿ, ಮೊದಲ ಸಿನಿಮಾ ಮಾಡುತ್ತಿದ್ದಳು. ಶಿವರಾಮ್ ಅವರ ಹಳೆಯ ಸಹಾಯಕರಲ್ಲಿ ಕೇಳಿ ವಿಳಾಸ ಹಿಡಿದಿದ್ದಳು. ಹನ್ನೊಂದು ಗಂಟೆ, ಗಿರಣಿ ಜೋರಾಗಿ ನಡೆಯುತ್ತಿತ್ತು. ಅವಳು ಎರಡು ಸಲ ವಿಷಯ ಹೇಳಿದಳು, ಎರಡು ಸಲವೂ ಯಾರಿಗೂ ಕೇಳಲಿಲ್ಲ. ಸಿದ್ದಗಂಗಮ್ಮ ಅವಳ ಮುಂದೆ ಅವಲಕ್ಕಿಯ ತಟ್ಟೆಯಿಟ್ಟು, ಒಂದು ಗಂಟೆಯವರೆಗೆ ಕೂತಿರು ಎಂದು ಸನ್ನೆ ಮಾಡಿದರು. ಹುಡುಗಿ ಎರಡು ಗಂಟೆ ಕೂತಳು.

ಬೆಲ್ಟು ನಿಂತ ಮೇಲೆ ಅವಳು ಹೇಳಿದ್ದು ಇಷ್ಟು. ಸಿನಿಮಾದಲ್ಲಿ ಎರಡು ನಿಮಿಷದ ಒಂದು ದೃಶ್ಯವಿದೆ, ಮಾತಿಲ್ಲ. ಅಲ್ಲಿ ದಿಲ್‌ರುಬಾ ಬೇಕೆಂದು ಅವಳ ಆಸೆ. ನಿರ್ಮಾಪಕರು ಒಂದು ಪಾಪ್ ಹಾಡಿನ ಹಕ್ಕು ಕೊಂಡಾಗಿದೆ. ಹಾಡಿದ ಹುಡುಗರಿಗೆ ಬಹಳ ಜನ ಅಭಿಮಾನಿಗಳಿದ್ದಾರೆ, ಅವರೇ ಸಿನಿಮಾದ ಸುದ್ದಿ ಹಬ್ಬಿಸುತ್ತಾರೆ. ಅವಳು ಹಟ ಮಾಡಿದ್ದಕ್ಕೆ ನಿರ್ಮಾಪಕರು ಒಂದು ಅವಕಾಶ ಕೊಟ್ಟಿದ್ದಾರೆ. ಶುಕ್ರವಾರ ಎರಡನ್ನೂ ಕೇಳುತ್ತಾರೆ, ಒಂದನ್ನು ಇಟ್ಟುಕೊಳ್ಳುತ್ತಾರೆ.

"ಆಸೆ ಹುಟ್ಟಿಸೋಕೆ ಬಂದಿಲ್ಲ ಆಂಟಿ," ಎಂದಳು. "ಹಾಡೇ ಉಳಿಯೋ ಚಾನ್ಸು ಜಾಸ್ತಿ."

ಸೋಮಲಿಂಗಪ್ಪ ಹೆಂಡತಿಯ ಕಡೆ ಮುಖ ತಿರುಗಿಸಿದರು. ಸಿದ್ದಗಂಗಮ್ಮ ಆಗಲೇ ಎದ್ದು, ಯಾವ ಬಸ್ಸಿಗೆ ಹೋಗಬೇಕು ಎಂದು ಕೇಳುತ್ತಿದ್ದರು.

ಸ್ಟುಡಿಯೋ ಇದ್ದದ್ದು ಜೆ.ಪಿ. ನಗರದ ಆರನೆಯ ಹಂತದಲ್ಲಿ, ಒಂದು ಮನೆಯ ಮಹಡಿಯ ಮೇಲೆ. ಮಾರನೆಯ ಬೆಳಗ್ಗೆ ರಿಂಗ್ ರೋಡಿನ ಬಸ್ಸು ಹತ್ತಿದರು. ಸಿದ್ದಗಂಗಮ್ಮ ಆಧಾರ್ ಕಾರ್ಡು ತೋರಿಸಿದರು, ಸೋಮಲಿಂಗಪ್ಪ ಅಂಧರ ಪಾಸು ತೋರಿಸಿದರು. ಕಂಡಕ್ಟರು ಇಬ್ಬರನ್ನೂ, ಅವರ ನಡುವೆ ನಿಂತಿದ್ದ ಎತ್ತರದ ಚೀಲವನ್ನೂ ನೋಡಿದ.

"ಅಮ್ಮ ಫ್ರೀ, ಯಜಮಾನ್ರು ಫ್ರೀ. ಇವರಾದ್ರೂ ಟಿಕೆಟ್ ತಗೋತಾರಾ?"

"ಇವರು ಬಾಯಿ ಬಿಟ್ರೆ ನೀವೇ ದುಡ್ಡು ಕೊಡ್ತೀರ," ಎಂದರು ಸೋಮಲಿಂಗಪ್ಪ. ಕಂಡಕ್ಟರು ನಕ್ಕು ಮುಂದೆ ಹೋದ.

ಅದು ಸ್ಟುಡಿಯೋ ಎಂದು ಸಿದ್ದಗಂಗಮ್ಮನವರಿಗೆ ಅನ್ನಿಸಲಿಲ್ಲ. ಯಾರದೋ ಮಲಗುವ ಕೋಣೆಯ ಗೋಡೆಗೆ ಸ್ಪಂಜು ಅಂಟಿಸಿದ್ದರು. ಪರದೆಯ ಜಾಗದಲ್ಲಿ ಒಂದು ಟಿ.ವಿ. ಹದಿನೆಂಟು ಮಂದಿಯ ಜಾಗದಲ್ಲಿ ಅವರಿಬ್ಬರು. ಪ್ರಕೃತಿ ದೃಶ್ಯವನ್ನು ಸದ್ದಿಲ್ಲದೆ ಓಡಿಸಿದಳು. ಸಿದ್ದಗಂಗಮ್ಮ ಎರಡು ಸಲ ನೋಡಿದರು. ಆಮೇಲೆ ಗಂಡನ ಹಿಂದೆ ಕೂತು, ಆರು ವರ್ಷದ ಹಿಂದಿನ ದನಿಯಲ್ಲೇ ಹೇಳತೊಡಗಿದರು.

"ಹೆಂಗಸು. ಟೈಲರಿಂಗ್ ಅಂಗಡಿ, ಚಿಕ್ಕದು. ಇವತ್ತಿಗೆ ಕೊನೆ, ನಾಳೆ ಅಂಗಡಿ ಇರಲ್ಲ. ಅಳತೆ ಟೇಪು ಎರಡು ಬೆರಳಿಗೆ ಸುತ್ತುತಾಳೆ. ಕತ್ತರಿನ ಬಟ್ಟೇಲಿ ಮಡಚಿಡ್ತಾಳೆ. ದಾರದ ಉಂಡೆ ಡಬ್ಬಿಗೆ ಹಾಕ್ತಾಳೆ. ಕಾಫಿ ಲೋಟ ತಗೋತಾಳೆ, ಕುಡಿಯಲ್ಲ, ಮಿಷಿನ್ ಮೇಲೆ ಇಡ್ತಾಳೆ. ಲೈಟು. ಷಟರು."

ಮೈಕು ತೆರೆಯಿತು. ಸಿದ್ದಗಂಗಮ್ಮ ಬೆನ್ನ ಮೇಲೆ ಕೈಯಿಟ್ಟರು. ಟೇಪಿಗೆ ಒಂದು ಬೆರಳು, ಕತ್ತರಿಗೆ ಒಂದು, ಬಟ್ಟೆಗೆ ಒಂದು, ಡಬ್ಬಿಗೆ ಒಂದು. ದಿಲ್‌ರುಬಾ ಒಂದು ಸ್ವರ ಹಿಡಿದು ಮೆಲ್ಲಗೆ ನಡೆಯಿತು. ಅರ್ಧಕ್ಕೆ ಸೋಮಲಿಂಗಪ್ಪ ಕಮಾನನ್ನು ತೊಡೆಯ ಮೇಲೆ ಇಳಿಸಿದರು.

"ಗಂಗಾ, ತಾಳ ಹಾಕ್ತಿದೀಯಾ?"

"ಇಲ್ಲ ಕಣ್ರೀ. ಅಲ್ಲಿ ಆಗ್ತಿರೋದನ್ನೇ ಹೇಳ್ತಿದೀನಿ."

"ಎಂಟೆಂಟು ಎಣಿಕೆಗೆ ಸರಿಯಾಗಿ ಬೀಳ್ತಿದೆ ನಿನ್ನ ಬೆರಳು."

ಮತ್ತೊಮ್ಮೆ ಓಡಿಸಿದರು. ಈ ಸಲ ಸೋಮಲಿಂಗಪ್ಪ ನುಡಿಸಲಿಲ್ಲ, ಬೆನ್ನು ಕೊಟ್ಟು ಕೂತರು, ತುಟಿಯಲ್ಲಿ ಎಣಿಸಿದರು. ಟೇಪು, ಎಂಟು. ಕತ್ತರಿ, ಎಂಟು. ಲೋಟ, ಎಂಟು. ಮುಗಿದ ಮೇಲೆ ಪ್ರಕೃತಿ ಇದ್ದ ದಿಕ್ಕಿಗೆ ತಿರುಗಿದರು.

"ಇದರೊಳಗೆ ಒಂದು ಹಾಡು ಕೂತಿದೆಯಲ್ಲಮ್ಮಾ."

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಸಂಕಲನಕಾರ ಭಾರ್ಗವ ಆ ಪಾಪ್ ಹಾಡನ್ನು ಮೊದಲು ಹಾಕಿಕೊಂಡು, ಅದರ ಬಡಿತಕ್ಕೆ ಸರಿಯಾಗಿ ದೃಶ್ಯವನ್ನು ಕತ್ತರಿಸಿದ್ದ. ಈಗ ಎಲ್ಲರೂ ಹಾಗೇ ಮಾಡುತ್ತಾರೆ. ಸದ್ದು ತೆಗೆದರೆ ಹಾಡೂ ಹೋಯಿತು ಎಂದು ಅವಳು ತಿಳಿದಿದ್ದಳು. ಅದು ದೃಶ್ಯದ ಮೂಳೆಯಲ್ಲಿ ಉಳಿದಿತ್ತು, ಸಿದ್ದಗಂಗಮ್ಮನ ಬೆರಳಿನಿಂದ ಸೋಮಲಿಂಗಪ್ಪನವರ ಬೆನ್ನಿಗೆ ಇಳಿದಿತ್ತು.

ಇದರ ಮೇಲೆ ಏನು ನುಡಿಸಿದರೂ ಆ ಹಾಡಿಗೇ ಪಕ್ಕವಾದ್ಯವಾಗುತ್ತದೆ ಎಂದು ಸೋಮಲಿಂಗಪ್ಪ ಹೇಳಿದರು. ಸಿಟ್ಟಿನಿಂದ ಹೇಳಲಿಲ್ಲ. ವಾದ್ಯವನ್ನು ಚೀಲಕ್ಕೆ ಸೇರಿಸತೊಡಗಿದರು. ಪ್ರಕೃತಿ ಗೋಡೆಯ ಸ್ಪಂಜನ್ನು ಉಗುರಿನಿಂದ ಕೀಳುತ್ತ ನಿಂತಿದ್ದಳು. ಶುಕ್ರವಾರಕ್ಕೆ ಎರಡು ದಿನವಿತ್ತು, ಮತ್ತು ಅಲ್ಲಿಗೆ ಎಲ್ಲ ಮುಗಿದಂತೆಯೇ ಇತ್ತು.

ಸಿದ್ದಗಂಗಮ್ಮ ಮಾತ್ರ ಟಿ.ವಿ.ಯ ಮುಂದಿನಿಂದ ಎದ್ದಿರಲಿಲ್ಲ. ಅಷ್ಟು ವರ್ಷಗಳಲ್ಲಿ ಅವರು ಯಾವ ನಿರ್ದೇಶಕರನ್ನೂ ಏನನ್ನೂ ಕೇಳಿದವರಲ್ಲ. ತೋರಿಸಿದ್ದನ್ನು ನೋಡುವುದು, ನೋಡಿದ್ದನ್ನು ಹೇಳುವುದು, ಅಷ್ಟೇ.

"ಲೋಟ ಇಟ್ಮೇಲೆ ಅವಳ ಕೈ ಏನಾಯ್ತು?" ಎಂದರು.

ಪ್ರಕೃತಿಗೆ ನೆನಪಿರಲಿಲ್ಲ. ಲೋಟ ಇಟ್ಟ ಕೂಡಲೇ ದೃಶ್ಯ ಲೈಟಿನ ಸ್ವಿಚ್ಚಿಗೆ ಹಾರುತ್ತಿತ್ತು. ಹಾಡು ಅಲ್ಲಿ ಹಾರುತ್ತಿತ್ತು.

"ಕೈ ಲೋಟ ಬಿಡೋದು ಕಾಣ್ಲೇ ಇಲ್ಲ," ಎಂದರು ಸಿದ್ದಗಂಗಮ್ಮ. "ಅದನ್ನೊಂದು ನೋಡ್ಬೇಕು ನಾನು."

ಭಾರ್ಗವನ ಕೋಣೆ ಬಿಟಿಎಂ ಲೇಔಟಿನಲ್ಲಿತ್ತು, ಒಂದು ಬಿರಿಯಾನಿ ಹೋಟೆಲಿನ ಮೇಲೆ. ಮೆಟ್ಟಿಲ ತುಂಬ ಪಿ.ಜಿ. ಹುಡುಗರ ಚಪ್ಪಲಿಗಳು. ಕಣ್ಣಿಲ್ಲದ ಮನುಷ್ಯ, ಅಷ್ಟೆತ್ತರದ ಚೀಲ, ಮಡಿಚಿದ ಛತ್ರಿ ಹಿಡಿದ ಹೆಂಗಸು, ಮೂವರನ್ನೂ ಕರೆದುಕೊಂಡು ಪ್ರಕೃತಿ ಒಳಗೆ ಬಂದಾಗ ಭಾರ್ಗವ ಕುರ್ಚಿಯಲ್ಲೇ ಅರ್ಧ ತಿರುಗಿದ. ವಿಷಯ ಕೇಳಿದ ಮೇಲೆ ಪೂರ್ತಿ ತಿರುಗಿದ.

"ಮಗಾ, ಲಾಕ್ ಆಗಿರೋ ಸೀನು. ಇನ್ನು ಒಂದು ಫ್ರೇಮ್ ಮುಟ್ಟಿದ್ರೂ ಪ್ರೊಡ್ಯೂಸರ್ ನನ್ನ ಕೈ ಕಡಿತಾರೆ."

"ನಿನ್ನ ಕೈ ಬೇಡಪ್ಪ," ಎಂದರು ಸಿದ್ದಗಂಗಮ್ಮ, ಪ್ಲಾಸ್ಟಿಕ್ ಸ್ಟೂಲು ಎಳೆದುಕೊಳ್ಳುತ್ತ. "ಅವಳದು ತೋರ್ಸು."

ಅವನು ಗೊಣಗಿಕೊಂಡೇ ಹುಡುಕಿದ. ಬಳಸದೆ ಬಿಟ್ಟಿದ್ದ ಭಾಗ ಸಿಕ್ಕಿತು. ನಟಿ ಲೋಟವನ್ನು ಮಿಷಿನ್ನಿನ ಹಲಗೆಯ ಮೇಲೆ ಇಟ್ಟಳು. ಕೈ ಲೋಟವನ್ನು ಬಿಡಲಿಲ್ಲ. ಬೆರಳುಗಳು ಅದರ ಸುತ್ತ ಹಾಗೇ ಇದ್ದವು. ಹೊರಗೆ ಬೈಕೊಂದು ಹೋಯಿತು, ಅದರ ಬೆಳಕು ಗೋಡೆಯ ಮೇಲೆ ಹಾದುಹೋಯಿತು, ಬಟ್ಟೆಯ ಚೂರೊಂದು ಅಲುಗಿತು. ಆಮೇಲೆ ಅವಳು ಕೈಯೆತ್ತಿ, ಏನೂ ಚೆಲ್ಲಿರದ ಹಲಗೆಯನ್ನು ಅಂಗೈಯಿಂದ ಒಮ್ಮೆ ಒರೆಸಿದಳು. ಪರದೆಯ ಮೂಲೆಯ ಅಂಕಿ ಹನ್ನೊಂದು ಸೆಕೆಂಡು ತೋರಿಸಿತು.

ಕೆಳಗಿನಿಂದ ಈರುಳ್ಳಿ ಹುರಿಯುವ ವಾಸನೆ ಬರುತ್ತಿತ್ತು.

"ಇದು ಆ್ಯಕ್ಟಿಂಗ್ ಅಲ್ಲ ಆಂಟಿ," ಎಂದ ಭಾರ್ಗವ, ತಪ್ಪೊಪ್ಪಿಕೊಳ್ಳುವವನ ಹಾಗೆ. "ಅವ್ರು ಮುಂದೆ ಏನ್ ಮಾಡ್ಬೇಕು ಅಂತ ಮರ್ತೋಗಿದ್ರು. ಅದಕ್ಕೇ ತೆಗೆದಿದ್ದು."

"ಮರ್ತೋಗಿರ್ಲಿ. ಅಂಗಡಿ ಮುಚ್ಚೋಳಿಗೆ ಮುಂದೇನು ಅಂತ ಗೊತ್ತಿರುತ್ತಾ?"

ಭಾರ್ಗವ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ. ಆ ಹನ್ನೊಂದು ಸೆಕೆಂಡು ಒಳಗೆ ಬಂದ ಮೇಲೆ ಅದರ ಹಿಂದಿನ ಟೇಪು, ಕತ್ತರಿ ಯಾವುದೂ ಇದ್ದಲ್ಲಿ ಇರಲಾಗಲಿಲ್ಲ. ಒಂದೊಂದನ್ನೂ ಮತ್ತೆ ತೆರೆದರು. ಟೇಪು ಸುತ್ತುವ ಬೆರಳು ಒಂದು ಕಡೆ ತಡೆದು ಮತ್ತೆ ಸುತ್ತಿತ್ತು, ಅದು ಬಂತು. ಕತ್ತರಿ ಬೇಗ ಮುಗಿಯಿತು. ಕೈ ಎಲ್ಲಿ ಕೆಲಸ ಮುಗಿಸಿತು ಎಂದು ಸಿದ್ದಗಂಗಮ್ಮ ಹೇಳುತ್ತಿದ್ದರು, ಭಾರ್ಗವ ಅಲ್ಲಿ ಕತ್ತರಿಸುತ್ತಿದ್ದ. ಮೂಲೆಯಲ್ಲಿ ಕೂತಿದ್ದ ಸೋಮಲಿಂಗಪ್ಪ ಚೀಲದ ಮೇಲೆ ಗಲ್ಲವಿಟ್ಟು ಇದನ್ನೆಲ್ಲ ಕೇಳುತ್ತಿದ್ದರು. ಮುಗಿಯುವಷ್ಟರಲ್ಲಿ ಎರಡು ನಿಮಿಷದ ದೃಶ್ಯ ಎರಡೂವರೆ ನಿಮಿಷವಾಗಿತ್ತು, ಅದರಲ್ಲಿ ಎಲ್ಲಿಯೂ ಎಂಟರ ಎಣಿಕೆ ಇರಲಿಲ್ಲ. ನಿರ್ಮಾಪಕರಿಗೆ ಏನು ಹೇಳುವುದು ಎಂದು ಭಾರ್ಗವ ಕೇಳಿದ. ತಾನು ನೋಡಿಕೊಳ್ಳುತ್ತೇನೆ ಎಂದಳು ಪ್ರಕೃತಿ, ನೋಡಿಕೊಳ್ಳಬಲ್ಲೆ ಎಂಬ ನಂಬಿಕೆ ಅವಳ ದನಿಯಲ್ಲಿ ಅಷ್ಟಾಗಿ ಇರಲಿಲ್ಲ.

ಗುರುವಾರ ಒಂದೇ ಸಲಕ್ಕೆ ನುಡಿಸಿ ಮುಗಿಸಿದರು. ಟೇಪಿಗೆ ಮೆಟ್ಟಿನಿಂದ ಮೆಟ್ಟಿಗೆ ಜಾರುವ ಸಣ್ಣ ಸುತ್ತು. ಕತ್ತರಿಗೆ ಏನೂ ಇಲ್ಲ. ಲೋಟ ಬಂದಾಗ ಸಿದ್ದಗಂಗಮ್ಮ ಅಂಗೈಯನ್ನು ಪೂರ್ತಿ ಬೆನ್ನ ಮೇಲಿಟ್ಟರು, ಏನೂ ಆಗುತ್ತಿಲ್ಲ, ಆದರೆ ಮುಗಿದಿಲ್ಲ. ಸೋಮಲಿಂಗಪ್ಪ ಕಮಾನನ್ನು ಒಂದೇ ಸ್ವರದ ಮೇಲೆ ತೆಳ್ಳಗೆ ಎಳೆದರು, ಎಳೆಯುತ್ತ ಎಳೆಯುತ್ತ ಅದು ಕೇಳಿಸುತ್ತದೋ ಇಲ್ಲವೋ ಎನ್ನುವಂತಾಯಿತು. ಅಂಗೈಯ ಕೆಳಗೆ ಅವರ ಬೆನ್ನು ಉಸಿರು ಹಿಡಿದದ್ದು ಸಿದ್ದಗಂಗಮ್ಮನವರಿಗೆ ತಿಳಿಯಿತು. ನಟಿ ಹಲಗೆ ಒರೆಸಿದಳು, ಅವರು ಕೈ ತೆಗೆದರು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಕಡೆ ಕೂರಬೇಕಾಯಿತು. ಹೆಂಗಸರ ಸೀಟಿನಿಂದ ಸಿದ್ದಗಂಗಮ್ಮ ಗಂಡನ ತಲೆಯ ಹಿಂಭಾಗವನ್ನು ನೋಡುತ್ತಿದ್ದರು. ಅದು ಏನನ್ನೋ ಗುನುಗುವಾಗ ಅಲುಗುವಂತೆ ಅಲುಗುತ್ತಿತ್ತು. ಮನೆಗೆ ಬಂದ ಮೇಲೆ ಸೋಮಲಿಂಗಪ್ಪ ಎಂದೂ ಇಲ್ಲದೆ ಎರಡು ಸಲ ಕಾಫಿ ಕೇಳಿದರು. ಇದು ಉಳಿಯಬೇಕು ಎಂದು ಇಬ್ಬರಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಶುಕ್ರವಾರ ಫೋನು ಬಂದದ್ದು ಮಧ್ಯಾಹ್ನ ಮೂರಕ್ಕೆ, ಗಿರಣಿ ಸುಮ್ಮನಿದ್ದ ಹೊತ್ತಿನಲ್ಲಿ. ಮಾತಾಡಿದ್ದು ಸಿದ್ದಗಂಗಮ್ಮ. ಹೆಚ್ಚಾಗಿ ಹೂಂ ಎಂದೇ ಉತ್ತರಿಸಿದರು. ಫೋನಿಟ್ಟು ಗಂಡನಿಗೆ ಹೇಳಿದರು. ಹಾಡು ಉಳಿಯಿತಂತೆ. ದೃಶ್ಯದ ಹೊಸ ಕತ್ತರಿಕೆ ಮಾತ್ರ ನಿರ್ಮಾಪಕರಿಗೆ ಇಷ್ಟವಾಯಿತಂತೆ, ಅದು ಹಾಗೇ ಇರಲಿ ಎಂದರಂತೆ. ಇಷ್ಟು ಉದ್ದಕ್ಕೆ ಹಾಡನ್ನು ಹೇಗೆ ಕೂರಿಸುವುದು ಎಂದು ಆ ಹುಡುಗ ತಲೆ ಕೆರೆದುಕೊಳ್ಳುತ್ತಿದ್ದಾನಂತೆ.

"ನಮ್ಮದನ್ನ ಪೂರ್ತಿ ಕೇಳಿದ್ರಂತಾ?" ಎಂದರು ಸೋಮಲಿಂಗಪ್ಪ.

"ಪೂರ್ತಿ ಕೇಳಿದ್ರಂತೆ. ಎರಡು ಸಲ."

"ಸರಿ ಹಾಗಾದ್ರೆ."

ಸಿದ್ದಗಂಗಮ್ಮ ಗೋಧಿಯ ಡಬ್ಬಿ ತೆಗೆದು ಕಲ್ಲು ಆರಿಸಲು ಕೂತರು. ಆರಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಸೋಮಲಿಂಗಪ್ಪ ಗೋಡೆಗೆ ಒರಗಿ, ಬೆಲ್ಟು ಶುರುವಾಗುವವರೆಗೂ ಕೂತಿದ್ದರು.

ಸಿನಿಮಾ ಬಿಡುಗಡೆಯಾದದ್ದು ಮೇ ತಿಂಗಳಲ್ಲಿ. ಪ್ರಕೃತಿ ಜೆ.ಪಿ. ನಗರದ ಮಾಲೊಂದರ ಬೆಳಗಿನ ಆಟಕ್ಕೆ ಎರಡು ಸೀಟು ಕಾಯ್ದಿರಿಸಿದ್ದಳು. ಬೇಡ ಎಂದದ್ದು ಸಿದ್ದಗಂಗಮ್ಮ, ಹೋಗೋಣ ಎಂದದ್ದು ಸೋಮಲಿಂಗಪ್ಪ. ಕುರ್ಚಿ ಮೆತ್ತಗಿದ್ದು ಬೆನ್ನು ಅದರಲ್ಲಿ ಹೂತುಹೋಗಿದ್ದರಿಂದ ಸಿದ್ದಗಂಗಮ್ಮ ಗಂಡನ ಮೊಣಕೈಯ ಮೇಲೆ ಬೆರಳಿಟ್ಟುಕೊಂಡರು. ಜೀವನದಲ್ಲಿ ಮೊದಲ ಸಲ ಒಂದು ಸಿನಿಮಾವನ್ನು ಮೊದಲಿನಿಂದ, ಮಾತಿನ ಸಮೇತ, ಗಂಡನಿಗೆ ಹೇಳುತ್ತಿದ್ದರು. ಕತೆ ಇಬ್ಬರಿಗೂ ಹಿಡಿಸಿತು.

ಟೈಲರಿಂಗ್ ಅಂಗಡಿ ಬಂತು. ಅದರ ಜೊತೆಗೆ ಹಾಡೂ ಬಂತು. ಹಿಂದಿನ ಸಾಲಿನ ಹುಡುಗರು ಕೂಡಲೇ ಗುರುತು ಹಿಡಿದು ಸಣ್ಣಗೆ ಜೊತೆಗೂಡಿದರು. ಕೆಟ್ಟ ಹಾಡೇನಲ್ಲ, ಹಾಡಿದ ಹುಡುಗನ ಗಂಟಲು ಚೆನ್ನಾಗಿತ್ತು. ಅದು ತನ್ನ ಎಂಟರ ಎಣಿಕೆಯಲ್ಲಿ ಹೋಗುತ್ತಿತ್ತು, ಸಿದ್ದಗಂಗಮ್ಮನ ಬೆರಳು ಅದಕ್ಕೆ ಸಿಗದೆ ತನ್ನಷ್ಟಕ್ಕೆ ಬೀಳುತ್ತಿತ್ತು. ಟೇಪು, ತಡೆ, ಮತ್ತೆ ಟೇಪು. ಕತ್ತರಿ. ದಾರ. ಲೋಟ ಹಲಗೆಗೆ ತಾಗಿತು. ಅಲ್ಲಿ ಹಾಡು ನಿಂತಿತು.

ಭಾರ್ಗವ ಅದನ್ನು ಎಳೆಯಲೂ ಇಲ್ಲ, ಮತ್ತೆ ಮೊದಲಿನಿಂದ ಹಾಕಲೂ ಇಲ್ಲ. ಹಾಡು ಮುಗಿದ ಕಡೆ ಮುಗಿಯಲು ಬಿಟ್ಟಿದ್ದ. ಪರದೆಯ ಮೇಲೆ ಲೋಟ, ಲೋಟದ ಮೇಲೆ ಕೈ. ಸದ್ದಿಲ್ಲ. ಹಿಂದಿನ ಸಾಲಿನಲ್ಲಿ ಗುನುಗುತ್ತಿದ್ದವನೊಬ್ಬ ಸ್ವಲ್ಪ ತಡವಾಗಿ ನಿಲ್ಲಿಸಿದ. ಬೈಕು ಹೋಯಿತು, ಬೆಳಕು ಗೋಡೆ ಹಾದಿತು. ಅಷ್ಟು ದೊಡ್ಡ ಹಾಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಸಿದ್ದಗಂಗಮ್ಮ ಅಂಗೈಯನ್ನು ಗಂಡನ ತೋಳಿನ ಮೇಲೆ ಪೂರ್ತಿ ಇಟ್ಟಿದ್ದರು. ಹಲಗೆಯನ್ನು ಒರೆಸುವ ಸದ್ದು ಕೇಳಿಸಿತು.

"ಇಲ್ಲಿ ನಾನು ನುಡಿಸಿದ್ದೆ," ಎಂದರು ಸೋಮಲಿಂಗಪ್ಪ ಪಿಸುದನಿಯಲ್ಲಿ.

"ಹೂಂ."

"ಹೀಗೇ ಚೆನ್ನಾಗಿದೆ ಗಂಗಾ. ಏನೂ ಇಲ್ಲದೆ."

"ಇಲ್ಲ. ನಿಮ್ಮದಿದ್ದಿದ್ರೆ ಚೆನ್ನಾಗಿರ್ತಿತ್ತು."

"ಅದು ನಿನಗೆ ಅನ್ಸೋದು."

"ನನಗೇ ಅನ್ಸೋದು. ನಾನೇ ಅಲ್ವಾ ನೋಡಿದೋಳು?" ಎಂದರು ಸಿದ್ದಗಂಗಮ್ಮ. ಪಕ್ಕದವರು ತಿರುಗಿ ನೋಡಿದ್ದರಿಂದ ಸುಮ್ಮನಾದರು.

ಹೊರಗೆ ಬಿಸಿಲು ಬಲವಾಗಿತ್ತು. ಪ್ರಕೃತಿ ಅವರನ್ನು ಹುಡುಕಿಕೊಂಡು ಬಸ್‌ಸ್ಟಾಪಿನವರೆಗೆ ಬಂದಳು. ಒಂದು ಪತ್ರಿಕೆಯವರು ಆ ಸದ್ದಿಲ್ಲದ ಹನ್ನೊಂದು ಸೆಕೆಂಡನ್ನು ಮೆಚ್ಚಿ ಅವಳನ್ನು ಕೇಳಿದ್ದರಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿ ಸಂತೋಷಕ್ಕಿಂತ ಸಂಕೋಚವಿತ್ತು. ನುಡಿಸಿದ್ದು ತನ್ನ ಬಳಿ ಭದ್ರವಾಗಿದೆ, ಅದನ್ನು ಎಲ್ಲಾದರೂ ಬಳಸುತ್ತೇನೆ ಎಂದಳು. ಬೇರೆ ಕಡೆ ಅದು ಕೂರುವುದಿಲ್ಲ, ಆ ಕೈಗೆ ನುಡಿಸಿದ್ದು ಎಂದರು ಸೋಮಲಿಂಗಪ್ಪ.

"ಆಂಟಿ," ಎಂದಳು ಪ್ರಕೃತಿ. "ಮುಂದಿನ ಸಿನಿಮಾ ಬರೀತಿದೀನಿ. ಎಡಿಟ್‌ಗೆ ಕೂರೋವಾಗ ನೀವೂ ಬಂದು ಕೂರ್ತೀರಾ? ಹಾಡು ಹಾಕೋಕ್ಮುಂಚೆ."

ಸಿದ್ದಗಂಗಮ್ಮ ಛತ್ರಿ ಬಿಚ್ಚಿ ಗಂಡನ ತಲೆಯ ಮೇಲೆ ಹಿಡಿದರು. ಬನಶಂಕರಿಯ ಕಡೆಯ ಬಸ್ಸು ಸಿಗ್ನಲ್ ದಾಟಿ ಬರುತ್ತಿತ್ತು, ನಿಲ್ಲುವ ಜಾಗಕ್ಕಿಂತ ಮುಂದೆ ಹೋಗಿ ನಿಲ್ಲುವ ಅಂದಾಜಿನಲ್ಲಿ.

"ಬರ್ತೀನಿ. ಆದ್ರೆ ಇವರೂ ಬರ್ತಾರೆ, ನುಡಿಸೋಕಲ್ಲ, ಸುಮ್ನೆ ಕೂತ್ಕೊಳೋಕೆ. ನಾನು ನಿಂಗೆ ಹೇಳಲ್ಲಮ್ಮ, ಇವರಿಗೆ ಹೇಳ್ತೀನಿ, ನೀನು ಪಕ್ಕದಲ್ಲಿ ಕೇಳ್ಕೋ. ಇವರು ಎಲ್ಲಿ ಉಸಿರು ಹಿಡೀತಾರೋ ಅಲ್ಲಿ ಕತ್ತರಿಸಬೇಡ ಅಂತ ಆ ಹುಡುಗನಿಗೆ ಹೇಳು, ಯಾಕಂದ್ರೆ ಅವಳ ಕೈ ಅಲ್ಲಿ ಇನ್ನೂ," ಎನ್ನುತ್ತಲೇ ಅವರು ಗಂಡನ ಮೊಣಕೈ ಹಿಡಿದು, ಮುಂದೆ ಹೋಗಿ ನಿಂತ ಬಸ್ಸಿನ ಕಡೆಗೆ ಬೇಗಬೇಗ ನಡೆದರು.